ಆಟಮ್ ಥೀಮ್ ಬಂದಿದೆ, ಕೊಡಗಿನ ಯುಕೆಜಿ ಮಕ್ಕಳಿಗೆ ಎಂತ ತೋರ್ಸೋದು?

ಯುಕೆಜಿ_ಮಿಸ್_ಮಡಿಕೇರಿ

ಎಲ್ರಿಗೂ ನಮಸ್ಕಾರ. ಮಡಿಕೇರಿ ಹತ್ರ ಒಂದು ಸಣ್ಣ ಶಾಲೇಲಿ ಯುಕೆಜಿ ತಗೊಳ್ತೀನಿ, ಕ್ಲಾಸಲ್ಲಿ ಇಪ್ಪತ್ತಾರು ಮಕ್ಕಳು. ದಸರಾ ರಜೆ ಮುಗಿದ ಮೇಲೆ ಎರಡು ವಾರ ಆಟಮ್, ಅಂದ್ರೆ ಎಲೆ ಉದುರೋ ಕಾಲದ ಥೀಮ್ ಮಾಡ್ಬೇಕು ಅಂತ ಲೆಸನ್ ಪ್ಲಾನಲ್ಲಿ ಇದೆ. ಜೊತೆಗೆ ಬಂದಿರೋ ವರ್ಕ್‌ಶೀಟಲ್ಲಿ ಮೇಪಲ್ ಎಲೆ, ಓಕ್ ಮರದ ಕಾಯಿ, ಕುಂಬಳಕಾಯಿ, ಕುತ್ತಿಗೆಗೆ ಮಫ್ಲರ್ ಸುತ್ಕೊಂಡಿರೋ ಹುಡುಗಿ.

ಹೋದ ವರ್ಷಾನೂ ಇದೇ ಇತ್ತು. ಬಣ್ಣದ ಪೇಪರಲ್ಲಿ ಮೇಪಲ್ ಎಲೆ ಕತ್ತರಿಸಿ ಕಿಟಕಿಗೆಲ್ಲ ಅಂಟಿಸಿದ್ವಿ, ನೋಡೋಕೆ ಚೆಂದಾನೇ ಇತ್ತು. ಆಗ ಒಂದು ಮಗು ಕೈಲಿ ಆ ಕೆಂಪು ಎಲೆ ಹಿಡ್ಕೊಂಡು ಬಂದು "ಮಿಸ್, ಇದ್ರ ಮರ ಎಲ್ಲಿದೆ, ತೋರ್ಸಿ" ಅಂತು. ಕಿಟಕಿ ಆಚೆ ಸಿಲ್ವರ್ ಓಕು, ಹಲಸು, ಒಂದು ಪೇರಳೆ ಗಿಡ, ಎಲ್ಲಾ ಹಸಿರೋ ಹಸಿರು, ಮೇಲಿಂದ ಮಂಜು ಇಳೀತಾ ಇತ್ತು. ನಂಗೆ ತೋರ್ಸೋಕೆ ಏನೂ ಇರ್ಲಿಲ್ಲ. "ಅದು ದೂರದ ಊರಲ್ಲಿರತ್ತೆ ಪುಟ್ಟಾ" ಅಂದೆ, ಮಗು ಎಲೆ ಟೇಬಲ್ ಮೇಲಿಟ್ಟು ಹೊರಟು ಹೋಯ್ತು. ಅದು ವರ್ಷ ಪೂರ್ತಿ ನನ್ನ ಮನಸಲ್ಲಿ ಕೂತ್ಬಿಟ್ಟಿದೆ.

ಈ ಸಲ ಹಾಗಾಗ್ಬಾರ್ದು. ನಮ್ಮ ಮಕ್ಕಳು ಅಕ್ಟೋಬರಲ್ಲಿ ಕಣ್ಣಾರೆ ನೋಡೋದು, ಕೈಲಿ ಮುಟ್ಟೋದು ಏನೇನಿದೆ, ಅದ್ರಿಂದ ಎಣಿಕೆ, ಬಣ್ಣ, ಮಾತು, ಕೈ ಕೆಲಸ ಇದನ್ನೆಲ್ಲ ಹೇಗೆ ಮಾಡಿಸಬಹುದು, ಮಾಡಿ ನೋಡಿದವರು ದಯವಿಟ್ಟು ಹೇಳಿ.

ಹಳೇ_ಮೇಷ್ಟ್ರು

ಮೇಡಂ, ಒಳ್ಳೇ ಪ್ರಶ್ನೆ ಕೇಳಿದ್ರಿ. ಮೊದಲು ಒಂದು ವಿಷ್ಯ. ಆಟಮ್ ಅಂದ್ರೆ ಶರದೃತು ಅಂತ ನಿಘಂಟಲ್ಲಿ ಕೊಟ್ಟಿರ್ತಾರೆ, ತಿಂಗಳ ಲೆಕ್ಕದಲ್ಲಿ ಸರಿನೇ, ಆಶ್ವೀಜ ಕಾರ್ತೀಕ. ನವರಾತ್ರಿಗೆ ಶರನ್ನವರಾತ್ರಿ ಅನ್ನೋದೂ ಅದಕ್ಕೇ. ಆದ್ರೆ ನಮ್ಮಲ್ಲಿ ಎಲೆ ಉದುರೋದು ಶರದೃತುವಲ್ಲಿ ಅಲ್ಲ, ಶಿಶಿರದಲ್ಲಿ, ಮಾಘ ಫಾಲ್ಗುಣದಲ್ಲಿ. ಶರತ್ತು ಅಂದ್ರೆ ನಮಗೆ ಮಳೆ ಹಿಂದೆ ಸರಿದು ಆಕಾಶ ತೊಳೆದಿಟ್ಟ ಹಾಗಿರೋ ಕಾಲ, ಹೊಳೆ ನೀರಿನ ಕೆಂಪು ಇಳಿದು ತಿಳಿಯಾಗೋ ಕಾಲ, ಗದ್ದೇಲಿ ಭತ್ತ ಹೊಡೆ (ಎಳೆ ತೆನೆ) ಬರೋ ಕಾಲ. ಇಂಗ್ಲಿಷಿನ ಆಟಮ್ಮಲ್ಲಿ ಮರ ಬರಿದಾಗತ್ತೆ, ನಮ್ಮ ಶರತ್ತಲ್ಲಿ ಭೂಮಿ ತುಂಬ್ಕೊಳ್ಳತ್ತೆ. ಎರಡನ್ನೂ ಒಂದೇ ಅಂತ ಹೇಳ್ಕೊಟ್ರೆ ಮಗು ಹೊರಗೆ ನೋಡಿದ್ದಕ್ಕೂ ಪುಸ್ತಕದಲ್ಲಿ ಓದಿದ್ದಕ್ಕೂ ತಾಳೆನೇ ಆಗಲ್ಲ.

ಮನೇಲಿ ಕೊಡವ ಭಾಷೆ ಆಡೋ ಮಕ್ಕಳಿದ್ರೆ ಅಜ್ಜ ಅಜ್ಜಿನ ತಿಂಗಳ ಹೆಸರು ಕೇಳ್ಕೊಂಡು ಬರೋಕೆ ಹೇಳಿ. ಕಕ್ಕಡ, ಚಿಂಗ್ಯಾರ್, ಕನ್ಯಾರ್, ತೊಲ್ಯಾರ್. ತುಲಾ ಸಂಕ್ರಮಣದಿಂದ ತೊಲ್ಯಾರ್ ಶುರು. ಕಕ್ಕಡದಲ್ಲಿ ಮಳೆಗೆ ಮನೆ ಬಿಟ್ಟು ಹೊರಗೆ ಕಾಲಿಡೋಕಾಗಲ್ಲ, ತೊಲ್ಯಾರಲ್ಲಿ ಅಂಗಳ ಒಣಗಿರತ್ತೆ. ಋತು ಬದಲಾಯ್ತು ಅಂತ ಐದು ವರ್ಷದ ಮಗೂಗೆ ಗೊತ್ತಾಗೋಕೆ ಇಷ್ಟು ಸಾಕು.

ಕುಶಾಲನಗರ_ಎಲ್‌ಕೆಜಿ

ನಮಗೂ ಇದೇ ಥೀಮ್ ಬಂದಿದೆ ಅಕ್ಕ! ನಾನು ಮೂರು ವರ್ಷದಿಂದ ಮಾಡ್ತಿರೋದು ಹೇಳ್ತೀನಿ. ನಮ್ಮ ಕಡೆ ತೇಗ ಜಾಸ್ತಿ ಅಲ್ವಾ, ತೇಗದ ಚಿಗುರೆಲೆ ಒಂದೊಂದು ಚೂರು ಮಕ್ಕಳ ಕೈಗೆ ಕೊಟ್ಟು ಅಂಗೈಲಿ ಉಜ್ಜೋಕೆ ಹೇಳಿ. ಹಸಿರು ಎಲೆ, ಕೈ ಮಾತ್ರ ಕೆಂಪಾಗತ್ತೆ, ಮದರಂಗಿ ಹಚ್ಚಿದ ಹಾಗೆ. ಮೊದಲ ಸಲ ಮಾಡ್ಸಿದಾಗ ಒಂದು ಹುಡುಗಿ ಗಾಯ ಆಯ್ತು ಅಂತ ಅತ್ತೇಬಿಟ್ಟಿದ್ಲು, ಈಗ ಮೊದ್ಲೇ ನನ್ನ ಕೈಲಿ ಮಾಡಿ ತೋರಿಸ್ತೀನಿ. ಆ ಕೈನ ಬಿಳಿ ಹಾಳೆ ಮೇಲೆ ಒತ್ತಿದ್ರೆ ಕೈ ಅಚ್ಚು ಬರತ್ತೆ. ಎಲೆ ಒಳಗೆ ನಮಗೆ ಕಾಣದ ಬಣ್ಣ ಇರತ್ತೆ ಅಂತ ಬಾಯಲ್ಲಿ ಹೇಳೋದೇ ಬೇಡ, ಅವ್ರೇ ಹೇಳ್ತಾರೆ. ಯೂನಿಫಾರ್ಮಿಗೆ ತಾಗಿದ್ರೆ ಹೋಗಲ್ಲ, ಅದೊಂದು ಹುಷಾರು, ನಾವು ಹಳೇ ಶರ್ಟ್ ತರ್ಸಿ ಉಲ್ಟಾ ಹಾಕ್ಸ್ತೀವಿ.

ತೇಗದ ಎಲೆ ಕ್ರೇಯಾನ್ ಉಜ್ಜೋಕೂ ಚೆನ್ನಾಗಿರತ್ತೆ, ಹಿಂದಿನ ನರ ದಪ್ಪ. ಎಲೆ ಉಲ್ಟಾ ಇಟ್ಟು ಮೇಲೆ ತೆಳು ಪೇಪರ್ ಹಾಕಿ ಕ್ರೇಯಾನ್ ಮಲಗಿಸಿ ಉಜ್ಜಬೇಕು. ಸೀಬೆ ಎಲೆನೂ ಆಗತ್ತೆ (ನೀವು ಪೇರಳೆ ಅಂತೀರಲ್ಲ ಅದೇ). ಹಲಸಿನ ಎಲೆ ನುಣುಪು, ಅದ್ರಲ್ಲಿ ಅಷ್ಟು ಬರಲ್ಲ. ರೊಬಸ್ಟಾ ಕಾಫಿ ಎಲೆ ಅಗಲ ಇರತ್ತೆ, ಅಲೆ ಅಲೆ ಥರ ಬಹಳ ಚೆಂದ ಬರತ್ತೆ.

ಮಿಷಿಗನ್_ಅಮ್ಮ

ನಾನು ವಿರಾಜಪೇಟೆಯವಳು, ಈಗ ಅಮೆರಿಕದ ಮಿಷಿಗನ್‌ನಲ್ಲಿದೀನಿ. ಮಗ ಇಲ್ಲಿ ಕಿಂಡರ್‌ಗಾರ್ಟನ್, ಐದು ವರ್ಷ. ಇಲ್ಲಿ ಅಕ್ಟೋಬರ್ ಅಂದ್ರೆ ಆ ವರ್ಕ್‌ಶೀಟಲ್ಲಿ ಇರೋದೆಲ್ಲ ನಿಜವಾಗ್ಲೂ ಬಾಗಿಲ ಮುಂದೆ ಇರತ್ತೆ. ಮನೆಯಿಂದ ಬಸ್ ಸ್ಟಾಪಿಗೆ ಹೋಗೋಷ್ಟರಲ್ಲಿ ಅವನ ಜೇಬು ತುಂಬ ಎಲೆ, ಓಕಿನ ಕಾಯಿ. ಇವರ ಟೀಚರ್ ಮಾಡ್ಸೋದು ಹೇಳ್ತೀನಿ, ನಿಮಗೆ ಉಪಯೋಗ ಆಗಬಹುದು.

ಶಾಲೆ ಹಿಂದೆ ಒಂದು ಮರ ಆರ್ಸಿದ್ದಾರೆ, ಅದು ಆ ಕ್ಲಾಸಿನ ಮರ. ವಾರಕ್ಕೊಂದು ಸಲ ಎಲ್ಲ ಮಕ್ಕಳೂ ಅದರ ಕೆಳಗೆ ನಿಂತು ನೋಡಿ ಬಂದು ಅದೇ ಮರದ ಚಿತ್ರ ಬಿಡಿಸ್ತಾರೆ. ಸೆಪ್ಟೆಂಬರಲ್ಲಿ ಹಸಿರು ಮರ, ಅಕ್ಟೋಬರಲ್ಲಿ ಹಳದಿ ಕೆಂಪು, ನವೆಂಬರಲ್ಲಿ ಬರೀ ಕೊಂಬೆ. ನಾಲ್ಕೈದು ಹಾಳೆ ಪಕ್ಕ ಪಕ್ಕ ಇಟ್ರೆ ಋತು ಅಂದ್ರೇನು ಅಂತ ಗೊತ್ತಾಗೋಗತ್ತೆ. ಎಲೆ ಆರ್ಕೊಂಡು ಬಂದು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇಡ್ತಾರೆ. ಮೂರು ಥರ ಸೇಬು ರುಚಿ ನೋಡಿ ಯಾವ್ದು ಇಷ್ಟ ಅಂತ ಗೋಡೆ ಮೇಲೆ ಚುಕ್ಕಿ ಅಂಟಿಸ್ತಾರೆ, ಅದು ಅವರ ಮೊದಲನೇ ಗ್ರಾಫ್. ಕುಂಬಳಕಾಯಿ ನೀರಲ್ಲಿ ಮುಳುಗತ್ತೋ ತೇಲತ್ತೋ ಅಂತ ಮೊದಲು ಊಹೆ ಮಾಡ್ಸಿ ಆಮೇಲೆ ಟಬ್ಬಲ್ಲಿ ಬಿಡ್ತಾರೆ (ತೇಲತ್ತೆ! ನನ್ನ ಮಗ ಎರಡು ದಿನ ಅದನ್ನೇ ಹೇಳ್ತಾ ಇದ್ದ).

ಇಲ್ಲಿನ ಟೀಚರ್ ಮೇಪಲ್ ತಗೊಂಡಿದ್ದು ಅದು ಕಿಟಕಿ ಆಚೆ ಇತ್ತು ಅಂತ. ನೀವೂ ಕಿಟಕಿ ಆಚೆ ಇರೋದನ್ನೇ ತಗೊಳ್ಳಿ ಅಕ್ಕ. ಅವರ ಕ್ರಮ ತಗೊಳ್ಳಿ, ಎಲೆ ನಮ್ಮದೇ ಇರ್ಲಿ. ನಂಗಂತೂ ಇಲ್ಲಿ ಈ ಬಣ್ಣ ಎಲ್ಲ ನೋಡ್ತಾ ಮಳೆ ನಿಂತ ಮೇಲೆ ಅಜ್ಜಿ ಮನೆ ಅಂಗಳದ ವಾಸನೆ ನೆನಪಾಗತ್ತೆ.

ಗೋಣಿಕೊಪ್ಪ_ಅಪ್ಪ

ಎಲ್ಲರೂ ಹೇಳ್ತಿರೋದು ಕೇಳೋಕೆ ಚೆನ್ನಾಗಿದೆ, ಬೇಜಾರು ಮಾಡ್ಕೋಬೇಡಿ, ಒಬ್ಬ ತಂದೆಯಾಗಿ ಕೇಳ್ತೀನಿ. ನನ್ನ ಮಗಳು ಯುಕೆಜಿ. ಮುಂದಿನ ವರ್ಷ ಒಂದನೇ ಕ್ಲಾಸ್. ಪಕ್ಕದ ಮನೆ ಹುಡುಗ ಮೂರಕ್ಷರದ ಇಂಗ್ಲಿಷ್ ಪದ ಓದ್ತಾನೆ, ನೂರರ ತನಕ ಬರೀತಾನೆ. ಇವ್ಳು ಮನೆಗೆ ಬಂದು ಎಲೆ ತೋರಿಸ್ತಾಳೆ. ತೋಟದಲ್ಲಿ ಎಲೆ ನಾವೂ ತೋರಿಸಬಹುದಲ್ವಾ, ಅದಕ್ಕೆ ಶಾಲೆ ಬೇಕಾ? ಫೀಸ್ ಕಟ್ಟೋದು ಸುಲಭ ಇಲ್ಲ.

ಅಂಗನವಾಡಿ_ಅಕ್ಕ

ಗೋಣಿಕೊಪ್ಪದ ಅಣ್ಣ, ನಿಮ್ಮ ಚಿಂತೆ ಅರ್ಥ ಆಗತ್ತೆ, ಎಲ್ಲ ತಂದೆ ತಾಯೀನೂ ಕೇಳೋದೇ ಇದು. ನಾನು ಹದಿನೆಂಟು ವರ್ಷದಿಂದ ಅಂಗನವಾಡಿ ನಡೆಸ್ತಿದೀನಿ, ನೋಡಿದ್ದನ್ನ ಹೇಳ್ತೀನಿ. ಮೂರೂವರೆ ವರ್ಷದ ಮಗೂಗೆ ಪೆನ್ಸಿಲ್ ಕೊಟ್ರೆ ಮುಷ್ಟಿಲಿ ಹಿಡಿಯತ್ತೆ. ಅದೇ ಮಗು ಹೆಬ್ಬೆರಳು ತೋರುಬೆರಳಲ್ಲಿ ಕಾಫಿ ಹಣ್ಣು ಒಂದೊಂದೇ ಕಿತ್ತು ಬುಟ್ಟಿಗೆ ಹಾಕತ್ತೆ, ಭತ್ತದ ತೆನೆಯಿಂದ ಕಾಳು ಬಿಡಿಸತ್ತೆ, ದಾರಕ್ಕೆ ಹೂ ಪೋಣಿಸತ್ತೆ. ಆ ಎರಡು ಬೆರಳಿಗೆ ಬಲ ಬಂದ ಮೇಲೆ ಪೆನ್ಸಿಲ್ ತಾನಾಗೇ ಸರಿ ಕೂರತ್ತೆ, ನಾವು ಕೈ ಹಿಡಿದು ತಿದ್ದಿಸೋದೇ ಬೇಡ. ಬಲ ಬರೋ ಮುಂಚೆ ಬರೆಸಿದ್ರೆ ಮಗೂಗೆ ಕೈ ನೋವು, ಆಮೇಲೆ ಬರೆಯೋದು ಅಂದ್ರೇ ಬೇಡ ಅನ್ನತ್ತೆ. ಅಂಥ ಮಕ್ಕಳು ಒಂದನೇ ಕ್ಲಾಸಲ್ಲಿ ಹಿಂದೆ ಬೀಳೋದನ್ನ ನಾನು ನೋಡಿದೀನಿ ಅಣ್ಣ.

2020ರ ರಾಷ್ಟ್ರೀಯ ಶಿಕ್ಷಣ ನೀತಿಲೂ ಮೂರರಿಂದ ಎಂಟು ವರ್ಷದ ತನಕ ಒಂದೇ ಹಂತ ಅಂತ ಇಟ್ಟು ಆಟದ ಮೂಲಕ ಕಲಿಸಿ, ಮನೆ ಮಾತಲ್ಲಿ ಕಲಿಸಿ ಅಂತಾನೇ ಹೇಳಿದ್ದಾರೆ.

ಮನೆ ಮಾತು ಅಂದ್ರೆ ಇನ್ನೊಂದು. ನನ್ನ ಕೇಂದ್ರಕ್ಕೆ ಲೈನ್ ಮನೆ (ತೋಟದ ಕೆಲಸದವರ ಸಾಲು ಮನೆ) ಮಕ್ಕಳು ಬರ್ತಾರೆ. ಎರವ ಮಕ್ಕಳು, ಅರೆಭಾಷೆ ಮಕ್ಕಳು, ಮಲಯಾಳಂ, ತಮಿಳು, ಈಗ ನಾಲ್ಕೈದು ವರ್ಷದಿಂದ ಅಸ್ಸಾಂ ಕಡೆಯವರ ಮಕ್ಕಳೂ. ಹೊಸದಾಗಿ ಬಂದ ಮಗು ತಿಂಗಳಾದ್ರೂ ಬಾಯಿ ಬಿಡಲ್ಲ. ಹೋದ ವರ್ಷ ಒಂದು ಹಲಸಿನ ಎಲೆ ಮಧ್ಯ ಇಟ್ಟು ಇದಕ್ಕೆ ನಿಮ್ಮನೇಲಿ ಏನಂತಾರೆ ಅಂತ ಕೇಳ್ತಾ ಹೋದೆ. ಒಬ್ಬ ಎಲೆ ಅಂದ, ಒಬ್ಬಳು ಇಲ ಅಂದ್ಲು, ತುಳು ಮನೆ ಹುಡುಗ ಇರೆ ಅಂದ. ಮೂಲೇಲಿ ಕೂತಿದ್ದ ಅಸ್ಸಾಂ ಹುಡುಗಿ ಸಣ್ಣಕ್ಕೆ "ಪಾತ್" ಅಂದ್ಲು. ಎಲ್ಲರೂ ತಿರುಗಿ ಅವಳನ್ನೇ ನೋಡಿ ಪಾತ್ ಪಾತ್ ಪಾತ್ ಅಂತ ಕೂಗಿದ್ರು. ಅವತ್ತೇ ಅವ್ಳು ಮೊದಲ ಸಲ ನಕ್ಕಿದ್ದು, ನಂಗೆ ಕಣ್ಣಲ್ಲಿ ನೀರು ಬಂದ್ಬಿಡ್ತು. ಒಂದು ಪೈಸೆ ಖರ್ಚಿಲ್ಲದ ಪಾಠ ಅದು.

ಗೋಣಿಕೊಪ್ಪ_ಅಪ್ಪ

ಬೆರಳಿನ ವಿಷಯ ನಂಗೆ ಗೊತ್ತಿರ್ಲಿಲ್ಲ ಅಕ್ಕ. ಮಗಳು ಪೆನ್ಸಿಲ್ ಹಿಡಿಯೋವಾಗ ಕೈ ನೋವು ಅಂತಾಳೆ ಈಗ್ಲೂ, ನಾವು ಬರೀ ಸೋಮಾರಿತನ ಅಂತ ಗದರಿಸ್ತಿದ್ವಿ. ಕಾಫಿ ಕುಯ್ಲಿಗೆ ಸಣ್ಣ ಬುಟ್ಟಿ ಕೊಟ್ಟು ಜೊತೆಗೆ ಕರ್ಕೊಂಡು ಹೋಗ್ತೀನಿ.

ಮರಗೋಡು_ತೋಟ

ಟೀಚರೇ, ನಾನು ಬೆಳೆಗಾರ, ಪಾಠ ಮಾಡಿ ಗೊತ್ತಿಲ್ಲ, ನನ್ನ ಮೊಮ್ಮಗನ ಜೊತೆ ಮಾಡೋದು ಹೇಳ್ತೇನೆ.

ಅಕ್ಟೋಬರ್ ಕೊನೆಗೆ ಅರೇಬಿಕಾ ಅಲ್ಲೊಂದು ಇಲ್ಲೊಂದು ಹಣ್ಣಾಗಿರ್ತದೆ, ರೊಬಸ್ಟಾ ಇನ್ನೂ ಕಾಯಿ. ಒಂದೇ ಗೊಂಚಲಲ್ಲಿ ಹಸಿರು, ಹಳದಿ, ಕಿತ್ತಳೆ, ಕೆಂಪು ನಾಲ್ಕೂ ಸಿಗ್ತದೆ. ನಿಮ್ಮ ಆಟಮ್ ಬಣ್ಣ ಎಲ್ಲ ಅದೊಂದ್ರಲ್ಲೇ ಉಂಟಲ್ಲ, ಮೇಪಲ್ ಎಂತಕ್ಕೆ? ನಾಲ್ಕು ಬಟ್ಟಲಿಟ್ಟು ಬಣ್ಣ ಬಣ್ಣ ಬೇರೆ ಮಾಡಿಸಿ.

ಆಮೇಲೆ ಹಣ್ಣು ಹಿಸುಕಿಸಿ. ಒಂದು ಹಣ್ಣಲ್ಲಿ ಎರಡು ಬೀಜ, ಚಪ್ಪಟೆ ಬೆನ್ನಿಗೆ ಬೆನ್ನು ಕೊಟ್ಟು ಕೂತಿರ್ತದೆ. ಎರಡು ಹಣ್ಣಿಗೆ ನಾಲ್ಕು, ಮೂರಕ್ಕೆ ಆರು, ಎರಡರ ಮಗ್ಗಿ ಅಲ್ಲೇ ಬಂತು. ನಡುವೆ ಯಾವುದೋ ಒಂದು ಹಣ್ಣಲ್ಲಿ ಒಂದೇ ಬೀಜ ಇರ್ತದೆ, ದುಂಡಗೆ, ಅದು ಪೀಬೆರಿ. ನನ್ನ ಮೊಮ್ಮಗ ಪೀಬೆರಿ ಸಿಕ್ಕಿದ್ರೆ ನಿಧಿ ಸಿಕ್ಕಿದ ಹಾಗೆ ಓಡಿ ಬರ್ತಾನೆ. ಸಿಪ್ಪೆ ಚೀಪಿದ್ರೆ ಸಿಹಿ, ಅದೂ ಮಕ್ಕಳಿಗೆ ಗೊತ್ತು, ಆದರೆ ಯಾರ ತೋಟದ್ದೋ ತೊಳೆಯದೆ ಬಾಯಿಗೆ ಹಾಕಿಸಬೇಡಿ. ಮಳೆ ಬಿಟ್ಟ ಮೇಲೆ ಕಾಫಿಗೆ, ಮೆಣಸಿಗೆ ಬೋರ್ಡೋ ಹೊಡೀತೇವೆ, ಮೈಲುತುತ್ತ ಸುಣ್ಣ ಸೇರಿಸಿದ್ದು. ಎಲೆ ಮೇಲೆ ನೀಲಿ ಚುಕ್ಕಿ ಇದ್ರೆ ಆ ತೋಟಕ್ಕೆ ಮಕ್ಕಳನ್ನ ಬಿಡಲೇಬೇಡಿ. ತೋಟದ ಯಜಮಾನ್ರನ್ನ ಕೇಳಿಯೇ ಹೋಗಬೇಕು, ಅದು ಒಂದು. ಇನ್ನೊಂದು ಆನೆ. ನಮ್ಮ ಕಡೆ, ಸಿದ್ದಾಪುರ, ತಿತಿಮತಿ ಕಡೆ ಬೆಳಿಗ್ಗೆ ಬೇಗ, ಸಂಜೆ ಹೊತ್ತು ನಡೆದು ಹೋಗೋ ಪ್ಲಾನೇ ಬೇಡ.

ಮಳೆ ಅಳೆಯೋದೂ ಮಾಡಿಸಬಹುದು. ತೋಟದಲ್ಲಿ ನಾವು ಮಳೆನ ಇಂಚು ಸೆಂಟು ಲೆಕ್ಕದಲ್ಲಿ ಬರೆದಿಡ್ತೇವೆ, ನೂರು ಸೆಂಟಿಗೆ ಒಂದು ಇಂಚು. ಮೊಮ್ಮಗ ದಿನಾ ನನ್ನ ಜೊತೆ ಬಂದು ಗಾಜಿನ ಅಳತೆ ನೋಡ್ತಾನೆ. ಜುಲೈಲಿ ತುಂಬಿ ತುಳುಕ್ತಿದ್ದದ್ದು ಅಕ್ಟೋಬರಲ್ಲಿ ತಳದಲ್ಲಿ ಚೂರು. ಶಾಲೇಲಿ ಬಾಟಲಿ ಮೇಲ್ಭಾಗ ಕತ್ತರಿಸಿ ತಲೆಕೆಳಗೆ ಕೂರಿಸಿ ಪಕ್ಕದಲ್ಲಿ ಮಾರ್ಕರಲ್ಲಿ ಗೆರೆ ಹಾಕಿದ್ರೆ ಸಾಕು.

ಸೋಮವಾರಪೇಟೆ_ನರ್ಸ್

ಬೋರ್ಡೋ ವಿಷಯ ಹೇಳಿದ್ದು ತುಂಬ ಒಳ್ಳೇದಾಯ್ತು ಸರ್. ನಾನೂ ಸೇರಿಸ್ತೀನಿ, ಎಲ್ಲ ಟೀಚರ್‌ಗಳೂ ಓದಿ ಪ್ಲೀಸ್.

ಬೀಜ ಆರಿಸೋ ಚಟುವಟಿಕೇಲಿ ಗುಲಗಂಜಿ ಬೇಡವೇ ಬೇಡ. ಕೆಂಪು ಮೈ ಕಪ್ಪು ಚುಕ್ಕಿ ಅಂತ ಮಕ್ಕಳಿಗೂ ದೊಡ್ಡವರಿಗೂ ಆಸೆ, ಸರ ಮಾಡ್ಸೋಣ ಅನ್ಸತ್ತೆ. ಅದರೊಳಗೆ ಅಬ್ರಿನ್ ಅನ್ನೋ ಭಯಂಕರ ವಿಷ ಇದೆ. ಮೇಲಿನ ಸಿಪ್ಪೆ ಗಟ್ಟಿ ಇರೋದ್ರಿಂದ ಇಡೀ ನುಂಗಿದ್ರೆ ಕೆಲವೊಮ್ಮೆ ಹಾಗೇ ಹೊರಗೆ ಹೋಗತ್ತೆ, ಆದ್ರೆ ಅಗಿದ್ರೆ ಅಥವಾ ಸರಕ್ಕೆ ಅಂತ ತೂತು ಮಾಡಿದ ಬೀಜ ನುಂಗಿದ್ರೆ ಜೀವಕ್ಕೇ ಅಪಾಯ. ನುಂಗಿದ್ದು ಗೊತ್ತಾದ ಕೂಡ್ಲೆ ಆಸ್ಪತ್ರೆಗೆ, ಕಾಯೋ ಮಾತೇ ಇಲ್ಲ, ಬೀಜದ ಸ್ಯಾಂಪಲ್ ಜೊತೆಗೇ ತನ್ನಿ. ಹರಳು ಬೀಜ, ದತ್ತೂರಿ ಕಾಯಿನೂ ಹಾಗೇ ದೂರ ಇಡಿ.

ಕಾಫಿ ಬೀಜ, ಹುಣಸೆ ಬೀಜ ಇಂಥವು ವಿಷ ಅಲ್ಲ, ಆದ್ರೆ ಮೂಗಿಗೆ ಹಾಕ್ಕೊಳ್ತಾರೆ. ಭತ್ತದ ಕಾಳು ಮೂಗಿಗೆ ಕಿವಿಗೆ ಹಾಕ್ಕೊಂಡು ಬರೋ ಮಕ್ಕಳು ನಂಗೆ ಹೊಸದಲ್ಲ. ನಾಲ್ಕು ವರ್ಷದೊಳಗಿನವರಿಗೆ ಸಣ್ಣ ಕಾಳು ಕೊಡಬೇಡಿ, ದೊಡ್ಡವರಿಗೆ ಕೊಟ್ರೂ ಒಬ್ಬರು ಪಕ್ಕದಲ್ಲೇ ಕೂತಿರಿ. ಹೊಸ ಭತ್ತದ ಸುಂಕು ಮೈಗೆ ತಾಗಿದ್ರೆ ತುರಿಕೆ, ತೊಳೆದು ಒಣಗಿಸಿ ಕೊಡಿ. ಎಲೆ ಆರಿಸೋ ಮುಂಚೆ ಹಿಂದೆ ಕಂಬಳಿ ಹುಳ ಇದೆಯಾ ನೋಡಿ. ಕಾಲಿಗೆ ಗಂಬೂಟ್ ಇದ್ರೆ ಜಿಗಣೆ ಚಿಂತೆ ಕಡಿಮೆ, ಹತ್ತಿದ್ರೆ ಗಾಬರಿಯಲ್ಲಿ ಎಳೀಬೇಡಿ, ಸ್ವಲ್ಪ ಉಪ್ಪು ಮುಟ್ಟಿಸಿದ್ರೆ ಬಿಡತ್ತೆ.

ಕುಶಾಲನಗರ_ಎಲ್‌ಕೆಜಿ

ಅಯ್ಯೋ ಅಕ್ಕ, ನಮ್ಮ ಸ್ಟೋರ್ ರೂಮಲ್ಲಿ ಗುಲಗಂಜಿ ಒಂದು ಡಬ್ಬಿ ತುಂಬ ಇತ್ತು, ಯಾರೋ ಮೊದಲಿದ್ದ ಟೀಚರ್ ಸೇರಿಸಿಟ್ಟಿದ್ದು. ಇವತ್ತೇ ತೆಗೆಸಿದೆ. ಥ್ಯಾಂಕ್ಸ್.

ಹಕ್ಕಿ_ನೋಡುವವಳು

ಯಾರೂ ಹಕ್ಕಿ ಬಗ್ಗೆ ಹೇಳ್ಲಿಲ್ಲ ಅಂತ ಬಂದೆ. ಸೆಪ್ಟೆಂಬರ್ ಬಂತು ಅಂದ್ರೆ ಬೂದು ಸಿಪಿಲೆ ಬಂದಿರತ್ತೆ, ಹಿಮಾಲಯದ ಕಡೆಯಿಂದ, ಇನ್ನೂ ಆಚೆಯಿಂದ. ಬೆನ್ನು ಬೂದಿ ಬಣ್ಣ, ಹೊಟ್ಟೆ ಹಳದಿ, ನೀರಿರೋ ಕಡೆ, ತೋಟದ ರಸ್ತೇಲಿ, ಶಾಲೆ ಮೈದಾನದಲ್ಲಿ ಓಡಾಡ್ತಾ ಇರತ್ತೆ, ಬಾಲ ಒಂದು ನಿಮಿಷ ಸುಮ್ಮನಿರಲ್ಲ, ಮೇಲೆ ಕೆಳಗೆ ಮೇಲೆ ಕೆಳಗೆ. ಮಕ್ಕಳಿಗೆ ಹಿಂದೆ ಒಂದು ಕರವಸ್ತ್ರ ಸಿಕ್ಕಿಸಿ ಸಿಪಿಲೆ ಥರ ನಡೀರಿ ಅಂದ್ರೆ ಪಿಟಿ ಪೀರಿಯಡ್ ಮುಗಿದೇ ಹೋಗತ್ತೆ. ಆಟಮ್ ಅಂದ್ರೆ ಅಲ್ಲಿ ಹಕ್ಕಿಗಳು ಚಳಿ ಅಂತ ಹೊರಡೋ ಕಾಲ, ನಮ್ಮಲ್ಲಿ ಅವು ನೆಂಟರಾಗಿ ಬರೋ ಕಾಲ. ಇಷ್ಟು ಹೇಳಿದ್ರೆ ವರ್ಕ್‌ಶೀಟಿನ ಊರಿಗೂ ನಮ್ಮೂರಿಗೂ ಒಂದು ದಾರಿ ಆಯ್ತಲ್ವಾ.

ಏರೋಪ್ಲೇನ್ ಚಿಟ್ಟೆ ನೋಡಿದೀರಾ ಈಗ, ಗದ್ದೆ ಮೇಲೆ ಗುಂಪು ಗುಂಪು? ಅದ್ರಲ್ಲಿ ಹಳದಿ ಮೈಯಿನ ಒಂದು ಜಾತಿ ಅಕ್ಟೋಬರ್ ಹೊತ್ತಿಗೆ ಭಾರತದಿಂದ ಹೊರಟು ಮಾಲ್ಡೀವ್ಸ್ ದಾಟಿ ಸಮುದ್ರದ ಮೇಲೆ ಆಫ್ರಿಕಾ ಕಡೆ ಹೋಗತ್ತೆ. ಬೆರಳುದ್ದದ ಹುಳ! ಮಕ್ಕಳು ಅದರ ಬಾಲಕ್ಕೆ ದಾರ ಕಟ್ತಾರಲ್ಲ, ಇದನ್ನ ಹೇಳಿ ನೋಡಿ, ನನ್ನ ಅಣ್ಣನ ಮಗ ಅವತ್ತಿನಿಂದ ಕಟ್ಟೋದು ಬಿಟ್ಟ.

ಯುಕೆಜಿ_ಮಿಸ್_ಮಡಿಕೇರಿ

ಇಷ್ಟೊಂದು ಬರತ್ತೆ ಅಂತ ಅನ್ಕೊಂಡಿರ್ಲಿಲ್ಲ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೆಡ್ ಮೇಡಂ ಹತ್ರ ಹೋಗಿ ಎಲ್ಲ ಹೇಳ್ದೆ. ವರ್ಕ್‌ಶೀಟೂ ಮುಗಿಸಬೇಕು, ಅದರ ಜೊತೆ ನಿಮ್ಮದೂ ಮಾಡಿ ಅಂದ್ರು. ಸಾಕು ಅಷ್ಟು.

ಒಂದೇ ಡೌಟು. ಎಲೆ ಯಾಕೆ ಬಣ್ಣ ಬದಲಾಯಿಸತ್ತೆ ಅಂತ ಕೇಳೇ ಕೇಳ್ತಾರೆ. ಐದು ವರ್ಷದ ಮಕ್ಕಳಿಗೆ ಹೇಗೆ ಹೇಳೋದು?

ಹಳೇ_ಮೇಷ್ಟ್ರು

ಎಲೆ ಒಳಗೆ ಹಳದಿ ಮೊದಲಿಂದಲೇ ಇರತ್ತೆ ಮೇಡಂ, ಮೇಲೆ ಹಸಿರು ಮುಚ್ಚಿಕೊಂಡಿರತ್ತೆ. ಹಸಿರು ಅಂದ್ರೆ ಎಲೆ ಅಡುಗೆ ಮಾಡೋ ಸಾಮಾನು, ಅದನ್ನ ಮಾಡ್ತಾ ಇರೋಕೆ ಬಿಸಿಲು ಬೇಕು. ದೂರದ ಆ ಊರಲ್ಲಿ ಹಗಲು ಚಿಕ್ಕದಾಗಿ ಚಳಿ ಬಂದಾಗ ಮರ ಹೊಸ ಹಸಿರು ಮಾಡೋದು ನಿಲ್ಲಿಸತ್ತೆ, ಇದ್ದದ್ದು ಕರಗಿ ಹೋಗತ್ತೆ, ಕೆಳಗಿದ್ದ ಹಳದಿ ಈಚೆ ಕಾಣತ್ತೆ. ಕೆಂಪು ಮಾತ್ರ ಕೆಲವು ಮರ ಆಗ ಹೊಸದಾಗಿ ಮಾಡ್ಕೊಳ್ಳೋದು. ನಮ್ಮ ತೇಗ, ಮತ್ತಿ ಎಲೆ ಉದುರಿಸೋದು ಬೇರೆ ಕಾರಣಕ್ಕೆ, ಮಳೆ ನಿಂತು ನೆಲ ಒಣಗ್ತಾ ಬಂದಾಗ ನೀರು ಉಳಿಸೋಕೆ. ಎಲೆಯಿಂದ ನೀರು ಆವಿಯಾಗಿ ಹೋಗ್ತಾನೇ ಇರತ್ತಲ್ಲ.

ಇದನ್ನ ಬಾಯಲ್ಲಿ ಹೇಳ್ಬೇಡಿ, ತೋರ್ಸಿ. ಹಸಿರೆಲೆ ಚೂರು ಚೂರು ಮಾಡಿ ಗಾಜಿನ ಲೋಟದಲ್ಲಿ ಹಾಕಿ, ಸರ್ಜಿಕಲ್ ಸ್ಪಿರಿಟ್ ಒಂದಿಷ್ಟು ಸುರಿದು ಜಜ್ಜಿ, ಅದ್ರಲ್ಲಿ ಬಿಳಿ ಸೀಮೆಸುಣ್ಣ ನೆಟ್ಟಗೆ ನಿಲ್ಲಿಸಿ. ಸ್ವಲ್ಪ ಹೊತ್ತಿಗೆ ಸುಣ್ಣದ ಕಡ್ಡಿ ಮೇಲೆ ಹಸಿರು ಏರತ್ತೆ, ಅದರ ಜೊತೆ ಹಳದಿ ಪಟ್ಟೆ ಬೇರೆಯಾಗಿ ಕಾಣತ್ತೆ. ಸ್ಪಿರಿಟ್ ಕೆಲಸ ಪೂರ್ತಿ ನೀವೇ ಮಾಡಿ, ಕಿಟಕಿ ತೆಗೆದಿರ್ಲಿ, ಮಕ್ಕಳು ದೂರ ಕೂತು ನೋಡ್ಲಿ. ಬೆಂಕಿ ಹತ್ತಿರ ಇರ್ಬಾರ್ದು. ನಾನು ನಾಲ್ಕನೇ ಕ್ಲಾಸಿಗೆ ಮಾಡ್ತಿದ್ದೆ, ಚಿಕ್ಕವರೂ ಬಾಗಿಲಲ್ಲಿ ನಿಂತು ನೋಡೋರು.

ವರ್ಕ್‌ಶೀಟಲ್ಲಿ ಓಕ್ ಬಂದಾಗ ಒಂದು ಜಾಗ್ರತೆ. ನಮ್ಮ ಸಿಲ್ವರ್ ಓಕಿನ ಹೆಸರಲ್ಲಿ ಓಕ್ ಇದೆ ಅಷ್ಟೇ, ಅದು ಆಸ್ಟ್ರೇಲಿಯಾದಿಂದ ಬಂದ ಬೇರೆ ಮರ, ಕಾಫಿಗೆ ನೆರಳಿಗೆ ಅಂತ ಹಾಕಿದ್ದು. ಎಲೆ ಮೇಲೆ ಹಸಿರು ಕೆಳಗೆ ಬೆಳ್ಳಿ, ಅದನ್ನ ತಿರುಗಿಸಿ ತಿರುಗಿಸಿ ನೋಡೋಕೇ ಮಕ್ಕಳಿಗೆ ಖುಷಿ.

ಯುಕೆಜಿ_ಮಿಸ್_ಮಡಿಕೇರಿ

ಎರಡು ವಾರ ಆಯ್ತು, ಹೇಗಾಯ್ತು ಅಂತ ಹೇಳೋಕೆ ಬಂದೆ.

ಕ್ಲಾಸಿನ ಮರ ಅಂತ ಹಲಸಿನ ಮರ ಆರಿಸಿದ್ವಿ. ಹಲಸಿನ ಎಲೆ ವರ್ಷ ಪೂರ್ತಿ ಒಂದೊಂದೇ ಹಣ್ಣಾಗಿ ಬೀಳ್ತಾನೇ ಇರತ್ತಲ್ವಾ, ಹಳದಿ, ಕಿತ್ತಳೆ, ಕಂದು ಎಲ್ಲ ನೆಲದ ಮೇಲೇ ಇತ್ತು, ನಾನು ಇಷ್ಟು ವರ್ಷ ಅದ್ರ ಮೇಲೇ ನಡ್ಕೊಂಡು ಹೋಗಿದ್ದೆ. ಮೊದಲ ದಿನ ಮಕ್ಕಳು ಎಲೆ ಆರಿಸಿ ಹಸಿರಿಂದ ಕಂದಿನ ತನಕ ವರಾಂಡದಲ್ಲಿ ಸಾಲಾಗಿ ಇಟ್ರು, ಬಾಗಿಲಿಂದ ಸ್ಟಾಫ್ ರೂಮ್ ತನಕ ಹೋಯ್ತು. ಎರಡು ಎಲೆ ನಡುವೆ ಯಾವುದು ಮುಂದೆ ಯಾವುದು ಹಿಂದೆ ಅಂತ ಜಗಳ. "ಇದು ಜಾಸ್ತಿ ಹಣ್ಣು", "ಇಲ್ಲ ಇದು ಕಮ್ಮಿ ಹಣ್ಣು". ಜಾಸ್ತಿ ಕಮ್ಮಿ ಅಂತ ನಾನು ಬೋರ್ಡಲ್ಲಿ ಎಷ್ಟು ಸಲ ಬರೆದಿದ್ದೆ, ಅವತ್ತು ಅವರ ಬಾಯಲ್ಲೇ ಬಂತು. ಆಯಾ ಅಮ್ಮ ಬಂದು ಎಲೆ ಮಡಚಿ ತೆಂಗಿನ ಗರಿ ಕಡ್ಡಿ ಚುಚ್ಚಿ ಚಮಚ ಮಾಡೋದು ಹೇಳ್ಕೊಟ್ರು, ಇದ್ರಲ್ಲೇ ನಾವು ಗಂಜಿ ಕುಡೀತಿದ್ವಿ ಅಂತ. ಅವರಿಗೆ ಅವತ್ತು ಮಕ್ಕಳೆಲ್ಲ ಟೀಚರ್ ಅಂದ್ರು.

ರಸ್ತೆ ಪಕ್ಕದ ಬರೆಯಲ್ಲಿ (ಮಣ್ಣಿನ ದಿಬ್ಬ) ಒಂದು ಜರಿಗಿಡ ಇರತ್ತೆ ನೋಡಿ, ಎಲೆ ಹಿಂದೆ ಬಿಳಿ ಪುಡಿ. ಅದನ್ನ ಕೈ ಮೇಲಿಟ್ಟು ಪಟ್ ಅಂತ ಹೊಡೆದ್ರೆ ಬೆಳ್ಳಿ ಅಚ್ಚು ಬೀಳತ್ತೆ. ನೀಲಿ ಯೂನಿಫಾರ್ಮ್ ಮೇಲೆ ಇನ್ನೂ ಚೆನ್ನಾಗಿ ಬೀಳತ್ತೆ, ಅವತ್ತು ಇಪ್ಪತ್ತಾರು ಮಕ್ಕಳ ಬೆನ್ನ ಮೇಲೂ ಜರಿ ಎಲೆ. ಕೊಡವಿದ್ರೆ ಹೋಗತ್ತೆ, ಯಾರೂ ಕೊಡವೋಕೆ ಬಿಡ್ಲಿಲ್ಲ, ಹಾಗೇ ಬಸ್ ಹತ್ತಿದ್ರು. ಕಪ್ಪು ಕಾಗದದ ಮೇಲೂ ಮಾಡ್ಸಿದ್ವಿ.

ಬರೆಯಲ್ಲೇ ಕಾಡು ಕರ್ಣಕುಂಡಲ ಇತ್ತು. ಬಲಿತ ಕಾಯಿ ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದ್ರೆ ಚಟ್ ಅಂತ ಒಡೆದು ಸುರುಳಿ ಸುತ್ಕೊಂಡು ಬೀಜ ಹಾರತ್ತೆ. ಯಾವಾಗ್ಲೂ ತರಲೆ ಮಾಡೋ ಹುಡುಗ ಒಬ್ಬ, ಅವನು ಉಸಿರು ಬಿಗಿ ಹಿಡಿದು ಒಂದು ಕಾಯಿ ಮುಂದೆ ಕೂತಿದ್ದ, ನಾಲಿಗೆ ತುದಿ ಹೊರಗೆ. ಒಡೆದಾಗ ಹಿಂದಕ್ಕೆ ಬಿದ್ದು ನಕ್ಕು ನಕ್ಕು "ಮಿಸ್, ಗಿಡ ಬೀಜ ಎಸೀತು, ಗಿಡಕ್ಕೆ ಕೈ ಇದೆ" ಅಂದ. ಬೀಜ ದೂರ ಹೋಗೋದು ಯಾಕೆ ಅಂತ ಅಲ್ಲಿಂದಲೇ ಮಾತು ಶುರು ಆಯ್ತು.

ಕಾವೇರಿ ಸಂಕ್ರಮಣದ ವಾರ, ಅಕ್ಟೋಬರ್ 17ಕ್ಕೆ ಇತ್ತು, ಹಿಂದಿನ ದಿನ ನೀಲಿ ದುಪಟ್ಟಾ ಎಲ್ಲ ಗಂಟು ಹಾಕಿ ಹಾಲ್ ತುಂಬ ಹೊಳೆ ಮಾಡಿದ್ವಿ. ಒಂದು ತುದೀಲಿ ಬೆಂಚು ಮೇಲೆ ತಲಕಾವೇರಿ, ಕೆಳಗೆ ಭಾಗಮಂಡಲ, ಅಲ್ಲಿ ಕನ್ನಿಕೆ ಹೊಳೆ ಬಂದು ಸೇರೋದಕ್ಕೆ ಒಂದು ತಿಳಿ ನೀಲಿ ದುಪಟ್ಟಾ, ಆಮೇಲೆ ಕುಶಾಲನಗರ, ಕೆಆರ್‌ಎಸ್ ಡ್ಯಾಂ ಅಂತ ಪುಸ್ತಕದ ಗೋಡೆ, ಬಾಗಿಲ ಹತ್ರ ಸಮುದ್ರ. ಸುಮಾರು 800 ಕಿಲೋಮೀಟರ್ ದಾರಿ. ಎಲ್ಲರೂ ಹಲಸಿನ ಎಲೆ ದೋಣಿ ಹಿಡ್ಕೊಂಡು ಬೆಂಚಿಂದ ಬಾಗಿಲ ತನಕ ಹೋದ್ರು. ನಮ್ಮ ಬಾಟಲಿಗೆ ಬಿದ್ದ ಮಳೆ ನೀರು ಚೂರೇ ಚೂರು, ಅದನ್ನೂ ಒಂದು ಮಗು "ಕಾವೇರಿಗೆ ಹಾಕ್ಬೇಕು" ಅಂತ ತಂದು ದುಪಟ್ಟಾ ಮೇಲೆ ಸುರಿದುಬಿಡ್ತು.

ಪೀಬೆರಿ ಸಿಕ್ಕಿದ್ದು ಮೂರು ಜನಕ್ಕೆ. ಆ ಬೀಜ ಈಗ ಜಾಮಿಟ್ರಿ ಬಾಕ್ಸಲ್ಲಿವೆ, ಕೊಡು ಅಂದ್ರೂ ಕೊಡಲ್ಲ, ಬಾಕ್ಸ್ ನನ್ನ ಟೇಬಲ್ ಮೇಲೇ ಇಟ್ಕೊಂಡಿದೀನಿ.

ಕೊನೇ ದಿನ ವರ್ಕ್‌ಶೀಟ್ ಕೊಟ್ಟೆ. ಮಿಷಿಗನ್ ಅಕ್ಕ ಕಳ್ಸಿದ ವಿಡಿಯೋ ತೋರಿಸಿದೆ, ಅವರ ಮಗ ಎಲೆ ರಾಶಿ ಮೇಲೆ ಹಾರೋದು. ಹಲಸಿನ ಹಣ್ಣೆಲೆ, ಮೇಪಲ್ ಚಿತ್ರ ಎರಡೂ ಪಕ್ಕ ಪಕ್ಕ ಇಟ್ಟು ನೋಡಿದ್ರು. ಒಂದು ಹುಡುಗಿ ಕೇಳಿದ್ಲು, "ಆ ಅಣ್ಣನ ಊರಲ್ಲಿ ಎಲ್ಲ ಎಲೆನೂ ಒಂದೇ ಸಲ ಹಣ್ಣಾಗತ್ತಾ ಮಿಸ್? ಆಮೇಲೆ ಮರಕ್ಕೆ ಏನೂ ಇರಲ್ವಾ?" ಈ ಸಲ ನನ್ನ ಹತ್ರ ಉತ್ತರ ಇತ್ತು.

ಮಿಷಿಗನ್_ಅಮ್ಮ

ಓದ್ತಾ ಓದ್ತಾ ಅಳು ಬಂತು ಅಕ್ಕ. ನನ್ನ ಮಗ ಈಗ ಜರಿ ಎಲೆ ಬೇಕು ಅಂತ ಹಠ ಹಿಡಿದಿದ್ದಾನೆ, ನಿಮ್ಮ ಮಕ್ಕಳ ಬೆನ್ನಿನ ಫೋಟೋ ನೋಡಿ. ಡಿಸೆಂಬರಲ್ಲಿ ಊರಿಗೆ ಬರ್ತೀವಿ, ಅಲ್ಲಿ ತನಕ ಇರತ್ತಾ ಅದು?

ಯುಕೆಜಿ_ಮಿಸ್_ಮಡಿಕೇರಿ

ತೇವ ಇರೋ ಬರೆಯಲ್ಲಿ ಸಿಗತ್ತೆ, ಕರ್ಕೊಂಡು ಬನ್ನಿ, ನಮ್ಮ ಮಕ್ಕಳೇ ತೋರಿಸ್ತಾರೆ.

ಇನ್ನೊಂದು ಸಹಾಯ ಬೇಕು. ಭತ್ತ ಮಾತ್ರ ತೋರಿಸೋಕೆ ಆಗ್ಲಿಲ್ಲ, ಶಾಲೆ ಹತ್ತಿರದ ಗದ್ದೆ ಎಲ್ಲ ಪಾಳು ಬಿದ್ದಿದೆ. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಮುಂಚೆ ಮಕ್ಕಳನ್ನ ಗದ್ದೆಗೆ ಕರ್ಕೊಂಡು ಹೋಗ್ಬೇಕು. ಹೊಡೆ ಬಂದಾಗ ಒಂದು ಸಲ, ತೆನೆ ಬಾಗಿದಾಗ ಇನ್ನೊಂದು ಸಲ, ಎರಡೂ ಚಿತ್ರ ಬಿಡಿಸಬೇಕು ಅಂತ ಆಸೆ. ಹತ್ತಿರದಲ್ಲಿ ಯಾರಾದ್ರೂ ಗದ್ದೆ ಮಾಡ್ತಿದೀರಾ?

ಮರಗೋಡು_ತೋಟ

ನಮ್ಮದು ಒಂದೂವರೆ ಎಕರೆ ಗದ್ದೆ ಉಂಟು ಟೀಚರೇ, ಲಾಭ ಇಲ್ಲದಿದ್ರೂ ಹುತ್ತರಿ ಕದಿರಿಗೆ ಬೇಕಲ್ಲ ಅಂತ ಬಿಟ್ಟಿಲ್ಲ. ಈಗ ಹೊಡೆ ಬಂದಿದೆ, ಮುಂದಿನ ವಾರ ಬಂದ್ರೆ ಹೂವೂ ಕಾಣಬಹುದು. ಬೆಳಿಗ್ಗೆ ಹತ್ತು ಗಂಟೆ ಮೇಲೆ ಬನ್ನಿ, ಅಷ್ಟರಲ್ಲಿ ಇಬ್ಬನಿ ಆರಿರ್ತದೆ, ಆನೆ ಓಡಾಟ ಉಂಟಾ ಅಂತ ನಾನು ಮೊದಲೇ ನೋಡಿ ಫೋನ್ ಮಾಡ್ತೇನೆ. ಬಸ್ಸು ಗೇಟ್ ತನಕ ಬರ್ತದೆ, ಅಲ್ಲಿಂದ ಐದು ನಿಮಿಷ ನಡೆದ್ರೆ ಸಾಕು. ಬದುವಿನ ಮೇಲೆ ಜಾರ್ತದೆ, ಮಕ್ಕಳಿಗೆ ಗಂಬೂಟ್ ಹಾಕಿಸಿ. ಎಷ್ಟು ಜನ ಬರ್ತೀರಿ ಅಂತ ಹೇಳಿ, ಮನೇಲಿ ಹಬೆಗೆ ಕಡಂಬುಟ್ಟು (ಅಕ್ಕಿ ತರಿ ಉಂಡೆ) ಇಡೋಕೆ ಹೇಳ್ತೇನೆ.

ಯುಕೆಜಿ_ಮಿಸ್_ಮಡಿಕೇರಿ

ಮಕ್ಕಳು ಇಪ್ಪತ್ತಾರು, ನಾನು, ಆಯಾ ಅಮ್ಮ, ಇಬ್ಬರು ಪೇರೆಂಟ್ಸ್. ಹೆಡ್ ಮೇಡಂನ ಕೇಳಿ ನಾಳೆ ದಿನ ಹೇಳ್ತೀನಿ ಸರ್.